ಹೈಸ್ಕೂಲ್ ಓದುಗರನ್ನು ಲೇಖಕರ ಜೊತೆ ಆನ್‌ಲೈನ್‌ನಲ್ಲಿ ಮಾತಾಡಿಸುವುದು ಹೇಗೆ?

ಪ್ರಶ್ನೆ: ಸರ್, ನಾನು ಹೈಸ್ಕೂಲೊಂದರ ಲೈಬ್ರರಿ ನೋಡಿಕೊಳ್ಳುತ್ತೇನೆ. 13ರಿಂದ 16 ವರ್ಷದ ಇಪ್ಪತ್ತೈದು ಮಕ್ಕಳ ಓದುಗರ ಗುಂಪು ನಮ್ಮಲ್ಲಿದೆ. ಹದಿಹರೆಯದವರಿಗಾಗಿ ಬರೆದ ಕಾದಂಬರಿಗಳನ್ನು ಆಸೆಯಿಂದ ಓದುತ್ತಾರೆ. ಈಗ ಅವರಿಗೆ ಲೇಖಕರ ಜೊತೆ ಮಾತಾಡಬೇಕಂತೆ. ಕೆಲವರು ಆಗಲೇ ಇನ್‌ಸ್ಟಾಗ್ರಾಮ್‌ನಲ್ಲಿ ಲೇಖಕರಿಗೆ ಮೆಸೇಜ್ ಕಳಿಸಿದ್ದಾರೆ, ಉತ್ತರ ಬಂದಿಲ್ಲ. ನಾನೂ ಇಬ್ಬರಿಗೆ ಇಮೇಲ್ ಬರೆದೆ, ಅದಕ್ಕೂ ಉತ್ತರ ಇಲ್ಲ. ಇದನ್ನು ಸರಿಯಾಗಿ ಮಾಡುವುದು ಹೇಗೆ? ಯಾವ ಆ್ಯಪ್ ಬಳಸಬೇಕು? ಮಕ್ಕಳ ಸುರಕ್ಷತೆಯ ಬಗ್ಗೆಯೂ ಭಯ ಇದೆ. ಇಷ್ಟೆಲ್ಲ ಮಾಡಿದರೆ ಅವರ ಓದಿಗೆ ನಿಜವಾಗಿ ಏನಾದರೂ ಉಪಯೋಗ ಆಗುತ್ತಾ?

ಉತ್ತರ:

ಮೇಡಂ, ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಉಪಯೋಗ ಖಂಡಿತ ಆಗುತ್ತದೆ. ಆದರೆ ಲೇಖಕರು ಪರದೆ ಮೇಲೆ ಬಂದು ಕೈ ಬೀಸಿದರು ಅಂದ ಮಾತ್ರಕ್ಕೆ ಆಗುವುದಿಲ್ಲ. ಇಂಥ ಭೇಟಿಯ ಮುಕ್ಕಾಲು ಪಾಲು ಫಲ ಭೇಟಿಗೆ ಮುಂಚಿನ ಎರಡು ಮೂರು ವಾರಗಳಲ್ಲೇ ಸಿಕ್ಕಿಬಿಡುತ್ತದೆ. ಲೇಖಕಿಗೆ ಏನು ಕೇಳಲಿ ಅಂತ ಯೋಚಿಸುತ್ತಾ ಒಬ್ಬ ಹುಡುಗಿ ಓದಿ ಮುಗಿಸಿದ ಪುಸ್ತಕವನ್ನೇ ಮತ್ತೆ ಕೈಗೆ ತೆಗೆದುಕೊಳ್ಳುತ್ತಾಳಲ್ಲ, ಲಾಭ ಇರುವುದು ಅಲ್ಲಿ. ಪರೀಕ್ಷೆಗೆಂದು ಹೇಳಿದರೆ ಯಾರೂ ಎರಡನೇ ಸಲ ಕಾದಂಬರಿ ಓದುವುದಿಲ್ಲ. ಬರೆದವರ ಎದುರು ಪೆದ್ದು ಪೆದ್ದಾಗಿ ಕಾಣಬಾರದು ಅನ್ನುವ ಆಸೆಗೆ ಓದುತ್ತಾರೆ. ಹಾಗಾಗಿ ಆ ಇಪ್ಪತ್ತು ಮೂವತ್ತು ನಿಮಿಷದ ಕರೆಗಿಂತ ಅದರ ಮುಂಚಿನ ತಯಾರಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಿ ಅನ್ನುವುದೇ ನನ್ನ ಮುಖ್ಯ ಸಲಹೆ.

ಮಕ್ಕಳ ಮೆಸೇಜಿಗೆ ಉತ್ತರ ಬಾರದ್ದಕ್ಕೆ ಬೇಜಾರು ಬೇಡ. ಪರಿಚಯ ಇಲ್ಲದವರು ಕಳಿಸಿದ ಮೆಸೇಜ್ ಇನ್‌ಸ್ಟಾಗ್ರಾಮ್‌ನಲ್ಲಿ ಬೇರೆಯೇ ಒಂದು ಕಡೆ ಹೋಗಿ ಕೂರುತ್ತದೆ. ಎಷ್ಟೋ ಜನ ಅದನ್ನು ತೆರೆದೂ ನೋಡುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಹದಿಹರೆಯದವರಿಗಾಗಿ ಬರೆಯುವ ಲೇಖಕರಲ್ಲಿ ಹಲವರು, ಅಪ್ರಾಪ್ತ ವಯಸ್ಸಿನವರ ಖಾಸಗಿ ಮೆಸೇಜಿಗೆ ಉತ್ತರ ಕೊಡುವುದಿಲ್ಲ ಅಂತ ತಮಗೆ ತಾವೇ ನಿಯಮ ಹಾಕಿಕೊಂಡಿರುತ್ತಾರೆ. ಅದು ಸೊಕ್ಕಲ್ಲ, ವಿವೇಕ. ನಿಜ ಹೇಳಬೇಕೆಂದರೆ, ಹದಿನಾಲ್ಕರ ಹುಡುಗಿಯ ಖಾಸಗಿ ಮೆಸೇಜಿಗೆ ರಾತ್ರಿ ಹನ್ನೊಂದಕ್ಕೆ ಉದ್ದುದ್ದ ಉತ್ತರ ಬರೆಯುವ ಲೇಖಕರ ಬಗ್ಗೆಯೇ ನಾವು ಯೋಚಿಸಬೇಕು. ನಿಮ್ಮ ಇಮೇಲ್ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಆ್ಯಪ್ ವಿಷಯ ಬೇಗ ಮುಗಿಸೋಣ. ನಿಮ್ಮ ಶಾಲೆಯಲ್ಲಿ ಈಗಾಗಲೇ ಯಾವುದು ನಡೆಯುತ್ತಿದೆಯೋ ಅದನ್ನೇ ಬಳಸಿ. ಝೂಮ್ ಆದರೂ ಸರಿ, ಗೂಗಲ್ ಮೀಟ್ ಆದರೂ ಸರಿ. ಒಂದು ಕಾಲಕ್ಕೆ ಶಾಲೆ ಮತ್ತು ಲೇಖಕರ ಭೇಟಿ ಅಂದರೆ ಸ್ಕೈಪ್ ಅನ್ನುವಂತಿತ್ತು. ಅದಕ್ಕೆಂದೇ ಲೇಖಕರ ಜಾಲಗಳು ಇದ್ದವು, ಪಟ್ಟಿಗಳು ಇದ್ದವು. 2025ರ ಮೇ ತಿಂಗಳಲ್ಲಿ ಸ್ಕೈಪೇ ಮುಚ್ಚಿಹೋಯಿತು. ಆ್ಯಪ್‌ಗಳು ಬರುತ್ತವೆ, ಹೋಗುತ್ತವೆ. ಅವುಗಳ ಮೇಲೆ ನಡೆದ ಕೆಲಸದಲ್ಲಿ ಯಾವುದು ಚೆನ್ನಾಗಿತ್ತು, ಯಾಕೆ ಚೆನ್ನಾಗಿತ್ತು ಅಂತ ನೋಡುವುದು ಹೆಚ್ಚು ಲಾಭ.

ಅಮೆರಿಕದ ಲೇಖಕಿ ಕೇಟ್ ಮೆಸ್ನರ್ ಮೊದಲು ಶಾಲಾ ಶಿಕ್ಷಕಿಯಾಗಿದ್ದವರು. ತರಗತಿಗಳ ಜೊತೆ, ಓದುಗರ ಗುಂಪುಗಳ ಜೊತೆ ಉಚಿತವಾಗಿ ವಿಡಿಯೋ ಕರೆಯಲ್ಲಿ ಮಾತಾಡಲು ಒಪ್ಪಿದ ಲೇಖಕರ ಪಟ್ಟಿಯೊಂದನ್ನು ಅವರು ಇಟ್ಟಿದ್ದರು. ಅದರಲ್ಲೊಂದು ಷರತ್ತು ಇತ್ತು. ಗುಂಪಿನವರು ಆ ಲೇಖಕರ ಒಂದಾದರೂ ಪುಸ್ತಕ ಓದಿರಬೇಕು. ನೋಡಲು ಸಣ್ಣ ಷರತ್ತು, ಆದರೆ ಇಡೀ ವ್ಯವಹಾರ ನಿಂತಿರುವುದೇ ಅದರ ಮೇಲೆ. ಓದದೇ ಇದ್ದವರ ಎದುರು ಲೇಖಕರು ಭಾಷಣ ಮಾಡಬೇಕಾಗುತ್ತದೆ. ಓದಿದವರ ಜೊತೆಯಾದರೆ ಮಾತು ತಾನಾಗಿ ಹುಟ್ಟುತ್ತದೆ.

ಲಿಟ್‌ವರ್ಲ್ಡ್ ಸಂಸ್ಥೆ 2010ರಲ್ಲಿ ಶುರು ಮಾಡಿದ ವಿಶ್ವ ಗಟ್ಟಿ ಓದಿನ ದಿನ (ವರ್ಲ್ಡ್ ರೀಡ್ ಅಲೌಡ್ ಡೇ) ಈಗ ಫೆಬ್ರುವರಿಯ ಮೊದಲ ಬುಧವಾರ ನಡೆಯುತ್ತದೆ. ಅವತ್ತು ಶಾಲೆಗಳ ಜೊತೆ ಚಿಕ್ಕ ಕರೆಗಳಿಗೆ ಸಿಗುವ ಲೇಖಕರ ಪಟ್ಟಿಯನ್ನೂ ಮೆಸ್ನರ್ ಮಾಡುತ್ತಿದ್ದರು. ಆ ಕರೆಯ ರೂಪ ನನಗೆ ತುಂಬಾ ಇಷ್ಟ. ಒಂದೆರಡು ನಿಮಿಷ ಪರಿಚಯ, ಮೂರರಿಂದ ಐದು ನಿಮಿಷ ಗಟ್ಟಿಯಾಗಿ ಓದು, ಐದರಿಂದ ಹತ್ತು ನಿಮಿಷ ಪ್ರಶ್ನೋತ್ತರ. ಕೊನೆಯ ಒಂದೆರಡು ನಿಮಿಷ ಲೇಖಕರು ಬೇರೆಯವರು ಬರೆದ ಪುಸ್ತಕಗಳ ಬಗ್ಗೆ ಹೇಳಬೇಕು, ತಮ್ಮದಲ್ಲ. ಒಟ್ಟು ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ. ನಿಮ್ಮ ಮೊದಲ ಭೇಟಿಗೆ ಇದನ್ನೇ ಎತ್ತಿಕೊಂಡರೂ ತಪ್ಪಿಲ್ಲ.

ಆಸ್ಟ್ರೇಲಿಯಾದಲ್ಲಿ ವಿಕ್ಟೋರಿಯಾ ರಾಜ್ಯ ಗ್ರಂಥಾಲಯದವರು ಇನ್‌ಸೈಡ್ ಎ ಡಾಗ್ ಅನ್ನುವ ಆನ್‌ಲೈನ್ ತಾಣವನ್ನು ಹದಿಹರೆಯದ ಓದುಗರಿಗೆಂದೇ ನಡೆಸುತ್ತಿದ್ದರು. ಹೆಸರು ವಿಚಿತ್ರ ಅಲ್ವಾ? ಅಮೆರಿಕದ ಹಾಸ್ಯನಟ ಗ್ರೌಚೋ ಮಾರ್ಕ್ಸ್ ಹೆಸರಿನಲ್ಲಿ ಓಡಾಡುವ ಜೋಕೊಂದರಿಂದ ಬಂದದ್ದು. ನಾಯಿಯ ಹೊರಗೆ ಪುಸ್ತಕವೇ ಮನುಷ್ಯನ ಪರಮ ಸ್ನೇಹಿತ, ನಾಯಿಯ ಒಳಗಾದರೆ ಓದಲಾಗದಷ್ಟು ಕತ್ತಲೆ ಅಂತ. ಅಲ್ಲಿ ಒಬ್ಬ ಲೇಖಕರು ಅತಿಥಿಯಾಗಿ ಕೆಲವು ಕಾಲ ಉಳಿದು ಬರೆಯುತ್ತಿದ್ದರು, ಓದುಗರು ಮಾತಾಡುತ್ತಿದ್ದರು. ಓದುಗರೇ ಆರಿಸುವ ಇಂಕಿ ಪ್ರಶಸ್ತಿಯೂ ಅದರ ಜೊತೆಗೇ ಬೆಳೆಯಿತು. ಅದೇ ಹೊತ್ತಿಗೆ, 2007ರಲ್ಲಿ, ಅಮೆರಿಕದ ಕೆಲವು ಲೇಖಕಿಯರು ಸೇರಿ ರೀಡರ್‌ಗರ್ಲ್ಸ್ ಅನ್ನುವ ಗುಂಪು ಕಟ್ಟಿದರು. ತಿಂಗಳಿಗೊಂದು ಪುಸ್ತಕ, ಅದರ ಲೇಖಕರ ಜೊತೆ ಆನ್‌ಲೈನ್ ಮಾತುಕತೆ. ಅದೇ ವರ್ಷದ ಜನವರಿ 1ರಂದು ಹದಿಹರೆಯದವರಿಗಾಗಿ ಬರೆಯುವ ಅಮೆರಿಕದ ಕಾದಂಬರಿಕಾರ ಜಾನ್ ಗ್ರೀನ್ ಮತ್ತು ಅವರ ತಮ್ಮ ಹ್ಯಾಂಕ್ ಯೂಟ್ಯೂಬ್‌ನಲ್ಲಿ ಒಬ್ಬರಿಗೊಬ್ಬರು ವಿಡಿಯೋ ಪತ್ರ ಬರೆಯಲು ಶುರು ಮಾಡಿದರು. ಅದರ ಸುತ್ತ ಹುಟ್ಟಿದ ಓದುಗ ಬಳಗ ಇವತ್ತಿಗೂ ಇದೆ. ಈ ಮೂರರಲ್ಲೂ ಗಮನಿಸಬೇಕಾದ್ದು ಒಂದೇ. ಓದುಗರು ಲೇಖಕರ ಜೊತೆ ಮಾತಾಡಿದ್ದಕ್ಕಿಂತ ತಮ್ಮ ತಮ್ಮಲ್ಲೇ ಜಾಸ್ತಿ ಮಾತಾಡಿದರು. ಲೇಖಕರು ಬರುತ್ತಾರೆ, ಹೋಗುತ್ತಾರೆ. ಗುಂಪು ಉಳಿಯುತ್ತದೆ.

ಈಗ ತಯಾರಿಗೆ ಬರೋಣ. ಐದಾರು ಪ್ರತಿ ಸಿಗುವ ಒಂದು ಪುಸ್ತಕ ಆರಿಸಿ. ಎಲ್ಲರೂ ಮುಗಿಸಲು ಸಾಕಷ್ಟು ಸಮಯ ಕೊಡಿ. ಆಮೇಲೆ ಒಬ್ಬೊಬ್ಬರೂ ಚೀಟಿಯಲ್ಲಿ ಮೂರು ಪ್ರಶ್ನೆ ಬರೆಯಲಿ. ಮೊದಲ ಸುತ್ತಿನ ಪ್ರಶ್ನೆಗಳು ಎಲ್ಲ ಕಡೆ ಒಂದೇ ಥರ ಇರುತ್ತವೆ. ನಿಮಗೆ ಸ್ಫೂರ್ತಿ ಯಾರು? ಎಷ್ಟು ದಿನದಲ್ಲಿ ಬರೆದಿರಿ? ಮುಂದಿನ ಭಾಗ ಬರುತ್ತಾ? ಇದನ್ನು ಸಿನಿಮಾ ಮಾಡುತ್ತಾರಾ? ಬೈಯಬೇಡಿ. ಚೀಟಿಗಳನ್ನು ಅದಲು ಬದಲು ಮಾಡಿಸಿ. ಪಕ್ಕದವರ ಪ್ರಶ್ನೆಗೆ ಉತ್ತರ ಹುಡುಕುವುದು ಈಗ ಪ್ರತಿಯೊಬ್ಬರ ಕೆಲಸ. ಲೇಖಕರ ವೆಬ್‌ಸೈಟಿನಲ್ಲಿ, ಹಳೆಯ ಸಂದರ್ಶನಗಳಲ್ಲಿ ಹುಡುಕಲಿ. ಓದುಗರು ಪುಸ್ತಕಗಳ ಬಗ್ಗೆ ಬರೆಯುವ ಗುಡ್‌ರೀಡ್ಸ್ ತಾಣದಲ್ಲಿ 2014ರಿಂದ ಲೇಖಕರನ್ನು ಕೇಳಿ ಅನ್ನುವ ವಿಭಾಗ ಇದೆ, ಅಲ್ಲಿ ಆಗಲೇ ಕೊಟ್ಟ ಉತ್ತರಗಳನ್ನು ನೀವೇ ನೋಡಿ ಹೇಳಬಹುದು. ಮುಖ್ಯವಾಗಿ, ಪುಸ್ತಕದ ಒಳಗೇ ಹುಡುಕಲಿ. ಉತ್ತರ ಸಿಕ್ಕ ಪ್ರಶ್ನೆಗಳನ್ನೆಲ್ಲ ತೆಗೆದುಹಾಕಿ. ಉಳಿದವು ಮಾತ್ರ ಲೇಖಕರಿಗೆ.

ಉಳಿಯುವ ಪ್ರಶ್ನೆ ಹೇಗಿರುತ್ತದೆ ಅಂತ ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ಒಂದು ಕಾದಂಬರಿಯಲ್ಲಿ ಹದಿನೈದರ ತಂಗಿ ಕಥೆ ಹೇಳುತ್ತಾಳೆ, ಅಣ್ಣ ಮನೆ ಬಿಟ್ಟು ಹೋಗಿದ್ದಾನೆ ಅಂದುಕೊಳ್ಳಿ. ಹುಡುಗನೊಬ್ಬ ಮೊದಲು ಬರೆದ ಪ್ರಶ್ನೆ: “ಅಣ್ಣನ ಪಾತ್ರ ನಿಮಗೆ ಹೇಗೆ ಹೊಳೆಯಿತು?” ಚೀಟಿ ವಾಪಸ್ ಬಂದ ಮೇಲೆ ಪುಸ್ತಕ ತಿರುವಿ ಹಾಕಿ ಬರೆದದ್ದು: “ಇಡೀ ಪುಸ್ತಕದಲ್ಲಿ ತಂಗಿಯೇ ಮಾತಾಡುತ್ತಾಳೆ. ಒಂದೇ ಒಂದು ಅಧ್ಯಾಯ ಮಾತ್ರ ಅಣ್ಣನ ಬಾಯಲ್ಲಿದೆ. ಅದು ಮೊದಲ ಕರಡಿನಲ್ಲೇ ಇತ್ತಾ, ಆಮೇಲೆ ಸೇರಿಸಿದ್ದಾ? ಅದನ್ನು ತೆಗೆದುಬಿಡಿ ಅಂತ ಯಾರಾದರೂ ಹೇಳಿದ್ದರಾ?” ಇಂಥ ಪ್ರಶ್ನೆ ಕೇಳಿದರೆ ಲೇಖಕರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಸ್ಫೂರ್ತಿಯ ಪ್ರಶ್ನೆಗೆ ಅವರ ಬಳಿ ಬಾಯಿಪಾಠ ಆದ ಉತ್ತರ ಇರುತ್ತದೆ, ಇದಕ್ಕೆ ಇರುವುದಿಲ್ಲ. ಅಲ್ಲೇ ಯೋಚಿಸಿ ಹೇಳಬೇಕು. ದೊಡ್ಡವರೊಬ್ಬರು ತಮ್ಮ ಕೆಲಸದ ಬಗ್ಗೆ ತಡವರಿಸುತ್ತಾ ಯೋಚಿಸುವುದನ್ನು ಮಕ್ಕಳು ನೋಡುವುದು ಎಷ್ಟು ಅಪರೂಪ ಹೇಳಿ.

ಒಟ್ಟಿನಲ್ಲಿ ಪ್ರಶ್ನೆಗಳು ಪುಸ್ತಕ ಆಗಿ ಬಂದ ಬಗೆಯ ಕಡೆ ತಿರುಗಲಿ. ಯಾವ ಅಧ್ಯಾಯ ಕಿತ್ತು ಹಾಕಿದಿರಿ, ಯಾವ ಪಾತ್ರದ ಮಾತು ಕೈಗೆ ಹತ್ತಲಿಲ್ಲ, ಸಂಪಾದಕರ ಯಾವ ಸಲಹೆಗೆ ಜಗಳ ಆಡಿದಿರಿ ಇತ್ಯಾದಿ. ಹದಿಹರೆಯದವರ ಪುಸ್ತಕಗಳ ವಿಷಯದಲ್ಲಿ ಇನ್ನೊಂದು ಸಹಜ ಪ್ರಶ್ನೆ ಇದೆ. ಮಕ್ಕಳು ಕೇಳಲು ಹಿಂಜರಿಯುತ್ತಾರೆ, ನೀವು ಧೈರ್ಯ ಕೊಡಿ: “ನಿಮಗೆ ನಲವತ್ತು ದಾಟಿದೆ. ನಮ್ಮ ವಯಸ್ಸಿನವರು ಹೀಗೇ ಮಾತಾಡುತ್ತಾರೆ ಅಂತ ನಿಮಗೆ ಹೇಗೆ ಗೊತ್ತು?” ಈ ಪ್ರಕಾರದ ಪುಸ್ತಕಗಳನ್ನು ಹೆಚ್ಚಾಗಿ ಬರೆಯುವವರು ದೊಡ್ಡವರು. ಓದುವವರಲ್ಲಿ ಹದಿಹರೆಯದವರಿಗೆ ಮಾತ್ರ ಆ ಮಾತು ನಿಜವೋ ನಾಟಕವೋ ಅಂತ ಕಿವಿಯಲ್ಲೇ ಗೊತ್ತಾಗುತ್ತದೆ. ಲೇಖಕರಿಗೂ ಅದನ್ನು ತಿಳಿಯುವ ಆಸೆ ಇರುತ್ತದೆ. ಯಾವ ಸಂಭಾಷಣೆ ಸುಳ್ಳೆನಿಸಿತು ಅಂತ ಮಕ್ಕಳು ಸಭ್ಯವಾಗಿ ಹೇಳಬಹುದು. ಇಲ್ಲಿ ಲೇಖಕರಿಗೂ ಏನೋ ಸಿಗುತ್ತದೆ, ಅದಕ್ಕೇ ಹಲವರು ಇಂಥ ಕರೆಗೆ ಒಪ್ಪುವುದು.

ಪ್ರಶ್ನೆಗಳು ಕೈಯಲ್ಲಿದ್ದ ಮೇಲೆ ಇಮೇಲ್ ಬರೆಯಿರಿ. ನಿಮ್ಮ ಹಿಂದಿನ ಇಮೇಲ್ ನಾನು ನೋಡಿಲ್ಲ. ಆದರೆ ಸಾಮಾನ್ಯವಾಗಿ ಉತ್ತರ ಸಿಗದ ಪತ್ರಗಳು ಒಂದೇ ಥರ ಇರುತ್ತವೆ. ಮಕ್ಕಳಿಗೆ ನಿಮ್ಮ ಪುಸ್ತಕ ತುಂಬಾ ಇಷ್ಟ, ಒಮ್ಮೆ ಮಾತಾಡುವಿರಾ ಅಂತ. ಯಾವತ್ತು, ಎಷ್ಟು ಹೊತ್ತು, ಎಷ್ಟು ಮಕ್ಕಳು, ದುಡ್ಡು ಇದೆಯೋ ಇಲ್ಲವೋ, ಯಾವುದೂ ಇರುವುದಿಲ್ಲ. ಅದಕ್ಕೆ ಉತ್ತರಿಸಲು ಲೇಖಕರು ವಾಪಸ್ ಐದು ಪ್ರಶ್ನೆ ಕೇಳಬೇಕು. ಆಮೇಲೆ ನೋಡೋಣ ಅಂತ ಬದಿಗಿಡುತ್ತಾರೆ, ಅದು ಅಲ್ಲೇ ಉಳಿಯುತ್ತದೆ. ಹೀಗೆ ಬರೆದು ನೋಡಿ:

“ನಮಸ್ಕಾರ. ನಾನು ಶಾಲೆಯೊಂದರ ಲೈಬ್ರೇರಿಯನ್. 13ರಿಂದ 16 ವರ್ಷದ 25 ಮಕ್ಕಳು ನಿಮ್ಮ ಕಾದಂಬರಿ ಓದಿ ಮುಗಿಸಿದ್ದಾರೆ. ಮುಂದಿನ ತಿಂಗಳು ಯಾವುದಾದರೂ ಒಂದು ದಿನ 20 ನಿಮಿಷ ವಿಡಿಯೋ ಕರೆಯಲ್ಲಿ ಅವರ ಪ್ರಶ್ನೆಗಳಿಗೆ ಉತ್ತರಿಸಲು ಸಾಧ್ಯವೇ? ನಮಗೆ ಅನುಕೂಲವಾದ ಮೂರು ದಿನಾಂಕ ಕೆಳಗಿವೆ. ನಮ್ಮಲ್ಲಿ ಸಂಭಾವನೆಗೆ ಹಣ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕರೆ ಕಷ್ಟವಾದರೆ ಬರಹದಲ್ಲಿ ಐದು ಪ್ರಶ್ನೆಗೆ ಉತ್ತರ ಕೊಟ್ಟರೂ ಸಂತೋಷ. ಮಕ್ಕಳು ಬರೆದ ಮೂರು ಪ್ರಶ್ನೆಗಳು ಇಲ್ಲಿವೆ.”

ಆ ಮೂರು ಪ್ರಶ್ನೆಗಳೇ ನಿಮ್ಮ ಶಿಫಾರಸು ಪತ್ರ. ಅಣ್ಣನ ಅಧ್ಯಾಯದಂಥ ಪ್ರಶ್ನೆ ಕಂಡರೆ ಬಹಳಷ್ಟು ಲೇಖಕರಿಗೆ ಸುಮ್ಮನಿರಲು ಆಗುವುದಿಲ್ಲ. ಹಣದ ವಿಷಯ ಮುಚ್ಚಿಡಬೇಡಿ. ಚಿಕ್ಕ ಪ್ರಶ್ನೋತ್ತರ ಉಚಿತ, ಪೂರ್ಣ ಕಾರ್ಯಕ್ರಮಕ್ಕೆ ಸಂಭಾವನೆ ಅನ್ನುವುದು ಹಲವರ ಪದ್ಧತಿ. ಅವರ ವೆಬ್‌ಸೈಟಿನಲ್ಲಿ ಶಾಲಾ ಭೇಟಿಯ ಪುಟ ಇದ್ದರೆ ಮೊದಲು ಅದನ್ನು ಓದಿ. “ನಿಮಗೆ ಪ್ರಚಾರ ಸಿಗುತ್ತದೆ” ಅಂತ ಮಾತ್ರ ದಯವಿಟ್ಟು ಬರೆಯಬೇಡಿ. ಬರವಣಿಗೆಯಿಂದಲೇ ಬದುಕುವವರಿಗೆ ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತದೆ. ಅದರ ಬದಲು ಲೈಬ್ರರಿಗೆ ಅವರ ಇನ್ನೊಂದು ಪುಸ್ತಕ ತರಿಸುತ್ತೇವೆ ಅಂತ ಹೇಳಿ, ಹೇಳಿದ ಹಾಗೆ ತರಿಸಿ.

ಯಾರಿಗೆ ಬರೆಯಬೇಕು ಅನ್ನುವುದರಲ್ಲೂ ಸ್ವಲ್ಪ ಜಾಣತನ ಬೇಕು. ಮಕ್ಕಳ ಪಟ್ಟಿಯ ಮೊದಲ ಹೆಸರು ಲೋಕಪ್ರಸಿದ್ಧ ಲೇಖಕರದ್ದೇ ಆಗಿರುತ್ತದೆ. ಅವರ ಅಂಚೆ ನೋಡುವವರು ಅವರಲ್ಲ, ಪ್ರಕಾಶಕರ ಪ್ರಚಾರ ವಿಭಾಗ. ಮೊದಲ ಅಥವಾ ಎರಡನೇ ಪುಸ್ತಕ ತಂದವರು, ಚಿಕ್ಕ ಪ್ರಕಾಶನದವರು, ನಿಮ್ಮ ಮಕ್ಕಳ ಭಾಷೆಯಲ್ಲೇ ಬರೆಯುವವರು ಒಪ್ಪುವ ಸಾಧ್ಯತೆ ಜಾಸ್ತಿ. ಅನುವಾದಕರನ್ನೂ ಮರೆಯಬೇಡಿ. ಹದಿನಾರರ ಹುಡುಗನ ಬೈಗುಳವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತಂದವರ ಬಳಿ ಹೇಳಲು ಎಷ್ಟೋ ಕಥೆ ಇರುತ್ತವೆ. ಅವರನ್ನು ಯಾರೂ ಕರೆಯುವುದಿಲ್ಲ, ಕರೆದರೆ ಖುಷಿಯಿಂದ ಬರುತ್ತಾರೆ. ಹೊಸ ಪುಸ್ತಕ ಬಿಡುಗಡೆಯಾಗುವ ತಿಂಗಳು ಬೇಡ. ಎರಡು ವಾರ ಕಾದು ಒಂದು ನೆನಪೋಲೆ ಕಳಿಸಿ, ಆಮೇಲೆ ಪಟ್ಟಿಯ ಮುಂದಿನ ಹೆಸರಿಗೆ ಹೋಗಿ. ಇಪ್ಪತ್ತೈದು ಮಕ್ಕಳ ಕೈಯಲ್ಲಿ ಇಪ್ಪತ್ತೈದು ಇಮೇಲ್ ಬರೆಸುವ ಅಭ್ಯಾಸ ಕೆಲವು ಶಿಕ್ಷಕರಿಗಿದೆ. ಅದು ಲೇಖಕರಿಗೆ ಹೋಮ್‌ವರ್ಕ್ ಕೊಟ್ಟಂತೆ. ಮಾಡಬೇಡಿ.

ಲೇಖಕರು ಒಪ್ಪಿದರೆ ಒಂದು ವಿನಂತಿ ಇಡಿ. ತಿದ್ದುಪಡಿ ತುಂಬಿದ ಕರಡಿನ ಒಂದೇ ಒಂದು ಪುಟ ತೋರಿಸಲು ಸಾಧ್ಯವೇ ಅಂತ ಕೇಳಿ. ಪರದೆ ಹಂಚಿಕೊಂಡು ಆ ಪುಟ ತೋರಿಸಿದಾಗ ಏನು ಕಾಣುತ್ತದೆ ಗೊತ್ತಾ? ಅರ್ಧ ಪುಟಕ್ಕೆ ಕೆಂಪು ಗೆರೆ. ಹೊಡೆದು ಹಾಕಿದ ವಾಕ್ಯದ ಮೇಲೆ ಇನ್ನೊಂದು, ಅದನ್ನೂ ಹೊಡೆದು ಮೂರನೆಯದು. ಬಲಗಡೆ ಅಂಚಿನಲ್ಲಿ ಸಂಪಾದಕರ ಟಿಪ್ಪಣಿಗಳು: ಈ ಮಾತು ಅವಳದ್ದಲ್ಲ, ನಿಮ್ಮದು. ಇಲ್ಲಿ ಯಾಕೆ ಅಳುತ್ತಾಳೆ? ಹಿಂದಿನ ಅಧ್ಯಾಯದಲ್ಲಿ ಮಳೆ ಇತ್ತಲ್ಲ, ಈಗ ಬಿಸಿಲು ಹೇಗೆ? ಕೊನೆಗೆ ಉಳಿದದ್ದು ಒಂಬತ್ತು ಪದದ ಒಂದು ಸಾಲು, ಅದು ಮಕ್ಕಳಿಗೆ ಬಾಯಿಪಾಠ ಆಗಿರುವ ಸಾಲು. ಪ್ರಬಂಧದ ಮೇಲೆ ಕೆಂಪು ಶಾಯಿ ಕಂಡರೆ ಮುಖ ಸಣ್ಣ ಮಾಡಿಕೊಳ್ಳುವ ವಯಸ್ಸಿನವರಿಗೆ ಈ ಒಂದು ಪುಟ ಹೇಳುವಷ್ಟನ್ನು ನೀವು ನಾನು ವರ್ಷವಿಡೀ ಹೇಳಲಾರೆವು.

ಭೇಟಿಯ ದಿನದ ವ್ಯವಸ್ಥೆ ಕಷ್ಟದ್ದೇನಲ್ಲ. ಹಿಂದಿನ ದಿನ ಅದೇ ಕೋಣೆಯಲ್ಲಿ, ಅದೇ ಹೊತ್ತಿಗೆ ಒಮ್ಮೆ ಕರೆ ಮಾಡಿ ನೋಡಿ. ಕಿಟಕಿಗೆ ಬೆನ್ನು ಹಾಕಿ ಕೂತರೆ ಲೇಖಕರಿಗೆ ಬರೀ ಕಪ್ಪು ನೆರಳುಗಳು ಕಾಣುತ್ತವೆ. ಲ್ಯಾಪ್‌ಟಾಪಿನ ಮೈಕಿಗೆ ಹಿಂದಿನ ಸಾಲಿನ ಮಾತು ಕೇಳುವುದಿಲ್ಲ, ಫ್ಯಾನಿನ ಸದ್ದು ಮಾತ್ರ ಚೆನ್ನಾಗಿ ಕೇಳುತ್ತದೆ. ಹಾಗಾಗಿ ಕ್ಯಾಮೆರಾ ಮುಂದೆ ಒಂದೇ ಒಂದು ಕುರ್ಚಿ ಹಾಕಿ. ಪ್ರಶ್ನೆ ಕೇಳುವವರು ಬಂದು ಕೂತು, ಹೆಸರು ಹೇಳಿ, ಕೇಳಲಿ. ಉತ್ತರ ಬಂದ ತಕ್ಷಣ ಓಡಿಹೋಗಬಾರದು. ಇನ್ನೊಂದು ಮಾತು ಕೇಳಲು ಅಲ್ಲೇ ಕೂತಿರಲಿ. “ಹಾಗಾದರೆ ತೆಗೆದ ಅಧ್ಯಾಯದಲ್ಲಿ ಅಣ್ಣ ಎಲ್ಲಿದ್ದ?” ಅನ್ನುವ ಎರಡನೇ ಪ್ರಶ್ನೆಯಲ್ಲೇ ನಿಜವಾದ ಮಾತುಕತೆ ಇರುವುದು. ಆರೇಳು ಮಕ್ಕಳಿಗೆ ಮಾತ್ರ ಅವಕಾಶ ಸಿಗುತ್ತದೆ, ಸಿಗಲಿ. ಇಪ್ಪತ್ತೈದು ಜನರನ್ನೂ ಸಾಲಾಗಿ ಕಳಿಸಿದರೆ ಅದು ಮೆರವಣಿಗೆ ಆಗುತ್ತದೆ. ಪ್ರಶ್ನೆಗಳನ್ನು ಹಿಂದಿನ ದಿನವೇ ಇಮೇಲ್ ಮಾಡಿಡಿ. ನೆಟ್ ಕೈಕೊಟ್ಟರೂ ಉತ್ತರವಾದರೂ ಬರುತ್ತದೆ.

ಬೇರೆ ದೇಶದ ಲೇಖಕರಾದರೆ ಗಡಿಯಾರದ ಬಗ್ಗೆ ಎಚ್ಚರ. ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ಮತ್ತು ನವೆಂಬರ್‌ನಲ್ಲಿ, ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಆಗುತ್ತದೆ. ಆಹ್ವಾನದಲ್ಲಿ ಎರಡೂ ಊರಿನ ಸಮಯ ಬರೆಯಿರಿ.

ಮಕ್ಕಳಿಗೆ ಒಂದು ಮಾತು ಮೊದಲೇ ಹೇಳಿಡಬೇಕು. ಲೇಖಕರು ಪುಸ್ತಕದ ಉತ್ತರ ಪತ್ರಿಕೆ ಅಲ್ಲ. ಅಣ್ಣ ವಾಪಸ್ ಬರುತ್ತಾನೋ ಇಲ್ಲವೋ ಅಂತ ಎರಡು ವಾರ ಜಗಳ ಆಡಿದ ಗುಂಪು ಲೇಖಕಿಯ ಒಂದು ಮಾತಿಗೆ ಚರ್ಚೆ ಮುಗಿಸಿಬಿಡುತ್ತದೆ, “ಅವರೇ ಹೇಳಿದ್ದಾರಲ್ಲ” ಅಂತ. ಅಲ್ಲಿಗೆ ಪುಸ್ತಕ ಸತ್ತಂತೆ. ಓದುಗ ಮತ್ತು ಬರಹ ಸೇರಿದಾಗ ಅರ್ಥ ಹುಟ್ಟುತ್ತದೆ ಅಂತ ಅಮೆರಿಕದ ಸಾಹಿತ್ಯ ವಿದ್ವಾಂಸೆ ಲೂಯಿಸ್ ರೋಸೆನ್‌ಬ್ಲಾಟ್ 1938ರಲ್ಲೇ ವಾದಿಸಿದ್ದರು. ಸಾಹಿತ್ಯ ಪಾಠ ಮಾಡುವವರ ಮೇಲೆ ಅವರ ಪ್ರಭಾವ ದೊಡ್ಡದು. ಆದ್ದರಿಂದ ಕೊನೆಗೆ ಏನಾಯಿತು ಅನ್ನುವ ಪ್ರಶ್ನೆಯನ್ನು ನಾನಾದರೆ ಪಟ್ಟಿಯಿಂದಲೇ ತೆಗೆಯುತ್ತೇನೆ. ಯಾರಾದರೂ ಕೇಳಿಯೇ ಬಿಟ್ಟರೆ, ಕರೆ ಮುಗಿದ ಮೇಲೆ ಗುಂಪಿನಲ್ಲಿ ಇನ್ನೊಂದು ಸುತ್ತು ಚರ್ಚೆ ಇಡಿ: ಲೇಖಕಿ ಹೇಳಿದ್ದಕ್ಕೆ ಪುಸ್ತಕದಲ್ಲಿ ಆಧಾರ ಇದೆಯಾ? ಇಲ್ಲ ಅನ್ನುವ ಧೈರ್ಯ ಒಬ್ಬರಿಗೆ ಬಂದರೂ ಸಾಕು.

ಇಷ್ಟ ಆಗದ್ದನ್ನು ಹೇಳುವ ರೀತಿಯನ್ನೂ ಕಲಿಸಿ. ಎದುರಿಗೆ ಕೂತಾಗ “ಕೊನೆ ಅವಸರದಲ್ಲಿ ಮುಗಿಸಿದ ಹಾಗಿತ್ತು, ಬೇಕೆಂದೇ ಹಾಗೆ ಮಾಡಿದಿರಾ?” ಅಂತ ಕೇಳಬಹುದು. ಆದರೆ ಸೋಷಿಯಲ್ ಮೀಡಿಯಾದಲ್ಲಿ ಪುಸ್ತಕವನ್ನು ಬೈದು ಬರೆದು, ಅದಕ್ಕೆ ಲೇಖಕರನ್ನು ಟ್ಯಾಗ್ ಮಾಡುವುದು ಒರಟುತನ. ಬೈದು ಬರೆಯುವ ಹಕ್ಕು ಓದುಗರಿಗೆ ಪೂರ್ತಿ ಇದೆ. ಅದನ್ನು ಅವರ ಮುಖಕ್ಕೆ ಹಿಡಿಯುವ ಅಗತ್ಯ ಇಲ್ಲ, ಅಷ್ಟೇ.

ಈಗ ನಿಮ್ಮ ಭಯದ ವಿಷಯ. ಭಯ ಸರಿಯಾಗಿಯೇ ಇದೆ, ಆದರೆ ಅದಕ್ಕೆ ದಾರಿ ಇದೆ. ಮೂಲ ಸೂತ್ರ ಒಂದೇ: ಮಗು ಮತ್ತು ಲೇಖಕರ ನಡುವೆ ನೇರ, ಖಾಸಗಿ ಸಂಪರ್ಕ ಇರಬಾರದು. ಎಲ್ಲ ಪತ್ರವೂ ಶಾಲೆಯ ಇಮೇಲಿಂದ ಹೋಗಲಿ, ಶಾಲೆಯ ಇಮೇಲಿಗೆ ಬರಲಿ. ಕರೆ ನಿಮ್ಮ ಖಾತೆಯಿಂದಲೇ ನಡೆಯಲಿ. ಲಿಂಕ್ ಎಲ್ಲೂ ಬಹಿರಂಗವಾಗಿ ಹಾಕಬೇಡಿ. ಬಂದವರನ್ನು ನೀವು ನೋಡಿ ಒಳಗೆ ಬಿಡುವಂತೆ ಮಾಡಿ. ಮಕ್ಕಳು ಮನೆಯಿಂದ ಸೇರುವುದಾದರೆ ಅವರವರಲ್ಲಿ ಖಾಸಗಿ ಚಾಟ್ ಆಗದಂತೆ ನಿಲ್ಲಿಸಿಡಿ. ಹೆಸರಿನ ಮೊದಲ ಭಾಗ ಸಾಕು. ರೆಕಾರ್ಡ್ ಮಾಡುವುದಾದರೆ ಲೇಖಕರು, ಪೋಷಕರು ಇಬ್ಬರ ಒಪ್ಪಿಗೆಯೂ ಬರಹದಲ್ಲಿ ಇರಲಿ. ಲೇಖಕರು ಪುಸ್ತಕದ ಭಾಗ ಗಟ್ಟಿಯಾಗಿ ಓದಿದ್ದರೆ ಅದನ್ನು ಯೂಟ್ಯೂಬಿಗೆ ಹಾಕುವಂತಿಲ್ಲ, ಅಲ್ಲಿ ಪ್ರಕಾಶಕರ ಹಕ್ಕೂ ಬರುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಹಲವು ಪ್ರಕಾಶಕರು ಇದಕ್ಕೆ ತಾತ್ಕಾಲಿಕ ಸಡಿಲಿಕೆ ಕೊಟ್ಟಿದ್ದರು. ಅದು ಆ ಕಾಲಕ್ಕೆ ಮಾತ್ರ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 1998ರ ಕಾನೂನು 13 ವರ್ಷದೊಳಗಿನವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಯುರೋಪಿನ ನಿಯಮದಲ್ಲಿ ಆ ಗೆರೆ 16, ಸದಸ್ಯ ದೇಶಗಳು 13ರವರೆಗೆ ಇಳಿಸಬಹುದು. ಭಾರತದ 2023ರ ಕಾನೂನಿನಲ್ಲಿ 18 ತುಂಬದವರೆಲ್ಲ ಮಕ್ಕಳೇ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ತುಂಬದವರು ಇನ್‌ಸ್ಟಾಗ್ರಾಮ್‌ನಂಥ ತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ಶಾಲೆಯ ಖಾತೆಯಿಂದಲೇ ಎಲ್ಲ ನಡೆಸಿದರೆ ಈ ತಲೆನೋವು ಬಹಳ ಕಡಿಮೆ. ಲೇಖಕರ ಸಾರ್ವಜನಿಕ ಪುಟಗಳನ್ನು ನೀವು ನೋಡಿ, ಬೇಕಾದ್ದನ್ನು ತರಗತಿಗೆ ತನ್ನಿ. ವಾಟ್‌ಪ್ಯಾಡ್ ಬಗ್ಗೆ ಮಕ್ಕಳು ಕೇಳಿಯೇ ಕೇಳುತ್ತಾರೆ. ಯಾರು ಬೇಕಾದರೂ ಕಥೆ ಬರೆದು ಹಾಕುವ, 2006ರಿಂದ ಇರುವ ತಾಣ, ಕಥೆಯ ಪ್ಯಾರಾ ಪ್ಯಾರಾಗೂ ಓದುಗರು ಟಿಪ್ಪಣಿ ಬರೆಯಬಹುದು. ಆ ಕಲ್ಪನೆ ಚೆನ್ನಾಗಿದೆ. ಆದರೆ ದೊಡ್ಡವರ ವಸ್ತುವಿರುವ ಬರಹಗಳೂ ಅಲ್ಲಿ ಧಾರಾಳ. ಶಾಲೆಯ ಕಡೆಯಿಂದ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಹೆಚ್ಚು ಜನ ಯೋಚಿಸದ ಇನ್ನೊಂದು ಅಪಾಯ ಇದೆ. ಅದರಲ್ಲಿ ಲೇಖಕರೂ ಒಳ್ಳೆಯವರೇ, ಮಗುವೂ ಒಳ್ಳೆಯದೇ. ಹದಿಹರೆಯದವರ ಕಾದಂಬರಿಗಳು ಆತ್ಮಹತ್ಯೆ, ಮನೆಯೊಳಗಿನ ಹೊಡೆತ, ದೌರ್ಜನ್ಯ, ತನ್ನ ದೇಹದ ಬಗ್ಗೆ ಹೇಸಿಗೆ, ಎಲ್ಲವನ್ನೂ ಮುಟ್ಟುತ್ತವೆ. ಪುಸ್ತಕದ ಹುಡುಗಿಗೆ ಆದದ್ದೇ ತನಗೂ ಆಗುತ್ತಿದೆ ಅನ್ನಿಸಿದ ಮಗುವಿಗೆ, ಇಡೀ ಜಗತ್ತಿನಲ್ಲಿ ತನ್ನನ್ನು ಅರ್ಥ ಮಾಡಿಕೊಳ್ಳುವವರು ಆ ಲೇಖಕಿ ಒಬ್ಬರೇ ಅಂತ ಕಾಣುವುದು ಸಹಜ. ಚೀಟಿಯಲ್ಲಿ ಪ್ರಶ್ನೆಯ ಬದಲು ತನ್ನ ಕಥೆಯನ್ನೇ ಬರೆಯಬಹುದು. ಲೇಖಕಿಗೆ ಇಂಥ ಪತ್ರ ಬಂದರೆ ಸಾವಿರಾರು ಮೈಲಿ ದೂರದಲ್ಲಿ ಕೂತು ಏನು ಮಾಡಬೇಕು? ಅವರು ಆಪ್ತ ಸಮಾಲೋಚಕಿ ಅಲ್ಲ. ಆದ್ದರಿಂದ ಚೀಟಿಗಳನ್ನು ಮೊದಲು ನೀವೊಬ್ಬರೇ ಓದಿ. ಅಂಥದ್ದು ಕಂಡರೆ ಅದು ಲೇಖಕರಿಗೆ ಹೋಗುವ ಪ್ರಶ್ನೆ ಅಲ್ಲ, ಅವತ್ತೇ ಶಾಲೆಯ ಸಮಾಲೋಚಕರಿಗೆ ಅಥವಾ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಹೋಗುವ ವಿಷಯ. ಚೀಟಿ ನೀವು ಓದುತ್ತೀರಿ ಅನ್ನುವುದು ಮಕ್ಕಳಿಗೆ ಮೊದಲೇ ಗೊತ್ತಿರಲಿ, ಕದ್ದು ಓದಿದ ಹಾಗಾಗಬಾರದು. ಲೇಖಕರಿಗೂ ಬರೆದಿಡಿ: ಯಾವುದಾದರೂ ಮಗು ನಿಮ್ಮನ್ನು ನೇರವಾಗಿ ಸಂಪರ್ಕಿಸಿದರೆ ದಯವಿಟ್ಟು ನನಗೆ ತಿಳಿಸಿ, ನನ್ನ ಇಮೇಲ್ ಇದು ಅಂತ. ಎಷ್ಟೋ ಲೇಖಕರಿಗೆ ಈ ಒಂದು ಸಾಲು ಓದಿಯೇ ಸಮಾಧಾನ ಆಗುತ್ತದೆ.

ಇನ್ನು ವಿಡಿಯೋ ಕರೆಯೇ ಬೇಕೆಂದಿಲ್ಲ. ಒಂದನ್ನೇ ಆರಿಸು ಅಂದರೆ ನಾನು ಬರಹದ ಮಾತುಕತೆಯನ್ನು ಆರಿಸುತ್ತೇನೆ. ಶಾಲೆಯ ಖಾತೆಯಲ್ಲಿ, ಲಿಂಕ್ ಇದ್ದವರಿಗೆ ಮಾತ್ರ ತೆರೆಯುವ ಒಂದು ಡಾಕ್ಯುಮೆಂಟ್ ಮಾಡಿ. ಒಂದು ವಾರ ತೆರೆದಿಡಿ. ಮಕ್ಕಳು ಪ್ರಶ್ನೆ ಹಾಕುತ್ತಾರೆ, ಲೇಖಕರು ಬಿಡುವಾದಾಗ ಬಂದು ನಾಲ್ಕು ಸಾಲು ಬರೆದು ಹೋಗುತ್ತಾರೆ. ಗಡಿಯಾರದ ಗೊಂದಲ ಇಲ್ಲ, ನೆಟ್ ನಿಧಾನ ಇದ್ದರೂ ನಡೆಯುತ್ತದೆ. ತರಗತಿಯಲ್ಲಿ ಬಾಯಿ ಬಿಡದ ಮಗು ಇಲ್ಲಿ ಪ್ರಶ್ನೆ ಬರೆಯುತ್ತದೆ. ಅದು ಬಹುತೇಕ ಒಳ್ಳೆಯ ಪ್ರಶ್ನೆಯೇ ಆಗಿರುತ್ತದೆ, ಯಾಕೆಂದರೆ ಅಂಥವರೇ ಜಾಸ್ತಿ ಓದುವವರು. ಮಾತಾಡಲು ಮುಜುಗರ ಪಡುವ ಲೇಖಕರೂ ಕಡಿಮೆ ಇಲ್ಲ, ಅವರಿಗೂ ಇದು ಒಗ್ಗುತ್ತದೆ. ವಾರದ ಕೊನೆಗೆ ಇಪ್ಪತ್ತು ನಿಮಿಷದ ಕರೆ ಸೇರಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಅಷ್ಟು ಹೊತ್ತಿಗೆ ಎರಡೂ ಕಡೆಯವರಿಗೆ ಪರಿಚಯ ಆಗಿರುತ್ತದೆ.

ಕರೆ ಮುಗಿದ ವಾರ ಸುಮ್ನೆ ಕೂರಬೇಡಿ. ಲೇಖಕರು ಹೇಳಿದ ಬೇರೆಯವರ ಪುಸ್ತಕಗಳು ಅಷ್ಟರಲ್ಲಿ ಲೈಬ್ರರಿಯ ಮುಂದಿನ ಕಪಾಟಿಗೆ ಬಂದಿರಲಿ. ಹೆಸರುಗಳನ್ನು ಮೊದಲೇ ಇಮೇಲ್‌ನಲ್ಲಿ ಕೇಳಿಟ್ಟುಕೊಂಡರೆ ತರಿಸಲು ಸಮಯ ಸಿಗುತ್ತದೆ. ಧನ್ಯವಾದದ ಪತ್ರ ಒಂದೇ ಸಾಕು. ಅದರಲ್ಲಿ ಮಕ್ಕಳು ಅವರವರ ಕೈಬರಹದಲ್ಲಿ ಒಂದೊಂದು ಸಾಲು ಬರೆದು, ನೀವು ಫೋಟೋ ತೆಗೆದು ಕಳಿಸಿ. ಪೂರ್ತಿ ಹೆಸರು ಅದರಲ್ಲೂ ಬೇಡ. ನಂತರ ಮೂರು ತಿಂಗಳು ಪುಸ್ತಕ ಎರವಲಿನ ರಿಜಿಸ್ಟರ್ ಗಮನಿಸಿ. ಆ ಲೇಖಕರ ಇನ್ನೊಂದು ಪುಸ್ತಕ ಹೊರಗೆ ಹೋಗುತ್ತಿದೆಯಾ, ಅವರು ಹೇಳಿದ ಪುಸ್ತಕಗಳು ಹೋಗುತ್ತಿವೆಯಾ ಅಂತ. ಮುಖ್ಯೋಪಾಧ್ಯಾಯರು ಲೆಕ್ಕ ಕೇಳಿದರೆ ಇದಕ್ಕಿಂತ ಒಳ್ಳೆಯ ಲೆಕ್ಕ ಇಲ್ಲ.

ಅದೇ ಪುಸ್ತಕ ಓದಿದ ಇನ್ನೊಂದು ಶಾಲೆಯ ಗುಂಪನ್ನು ಜೊತೆಗೆ ಸೇರಿಸಿಕೊಳ್ಳುವ ಆಲೋಚನೆಯೂ ನಿಮಗೆ ಬರಬಹುದು. ಚೆನ್ನಾಗಿಯೇ ಇರುತ್ತದೆ. ಬೇರೆ ಊರಿನ ಮಕ್ಕಳು ಅಣ್ಣನ ಪರ ನಿಂತರೆ ನಿಮ್ಮವರಿಗೆ ತಮ್ಮ ವಾದ ಇನ್ನಷ್ಟು ಗಟ್ಟಿ ಮಾಡಬೇಕಾಗುತ್ತದೆ. ಆದರೆ ಎರಡು ಶಾಲೆಯ ಒಪ್ಪಿಗೆ ಪತ್ರ, ಎರಡು ವೇಳಾಪಟ್ಟಿ, ಇಬ್ಬರು ಮೇಲ್ವಿಚಾರಕರು ಬೇಕು. ಅದನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಈ ವರ್ಷ ಒಂದು ಪುಸ್ತಕ, ಒಬ್ಬ ಲೇಖಕರು, ಒಂದು ಡಾಕ್ಯುಮೆಂಟ್ ಇಷ್ಟಕ್ಕೆ ಕೈ ಹಾಕಿ.